ಎಲ್‌ಎಸ್-ಪ್ರಿಪೋಸ್ಟ್ ಪರದೆಯಲ್ಲಿ ಪೂರ್ತಿ ಹಸಿರು, ಪ್ರೆಸ್‌ನಲ್ಲಿ ಹರಿದ ತುಂಡು: ಎಲ್ಲಿ ನೋಡಬೇಕು?

ಪೀಣ್ಯ_ಟೂಲ್‌ರೂಮ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಇಪ್ಪತ್ತೆರಡು ವರ್ಷಗಳಿಂದ ಪೀಣ್ಯದಲ್ಲಿ ಡ್ರಾ ಡೈ, ಅಂದರೆ ಹಾಳೆಯನ್ನು ಪಂಚ್‌ನಿಂದ ಒತ್ತಿ ಆಳದ ಆಕಾರ ಕೊಡುವ ಅಚ್ಚು, ಮಾಡುತ್ತಿದ್ದೇನೆ. ಬ್ಲೂ (ಎಲ್ಲಿ ತಾಗುತ್ತದೆಂದು ತೋರಿಸುವ ನೀಲಿ ಬಣ್ಣ) ಹಚ್ಚಿ ಡೈ ಕೂರಿಸುವುದು ಕೈಗೆ ಅಭ್ಯಾಸವಾಗಿದೆ. ಸಿಮ್ಯುಲೇಷನ್ ಕೈಗೆ ಬಂದದ್ದು ಈ ವರ್ಷವಷ್ಟೇ.

ಕೆಲಸ ಇದು: 0.8 ಮಿ.ಮೀ. ಇಡಿಡಿ (ಹೆಚ್ಚು ಆಳಕ್ಕೆ ಎಳೆಯಲು ತಕ್ಕ ಉಕ್ಕಿನ) ಹಾಳೆಯಿಂದ 62 ಮಿ.ಮೀ. ಆಳದ ಮೋಟಾರ್ ಕವರ್. ಎಲ್‌ಎಸ್-ಡೈನಾ ಎಂಬ ಸಿಮ್ಯುಲೇಷನ್ ತಂತ್ರಾಂಶದಲ್ಲಿ ಲೆಕ್ಕ ಮಾಡಿಸಿದ ಕಡತಗಳನ್ನು ಹೊರಗಿನ ಎಂಜಿನಿಯರ್ ಒಬ್ಬರು ಕೊಟ್ಟರು. ಅವನ್ನು ನಾನೇ, ಫಲಿತಾಂಶ ನೋಡುವ ಅದರ ಜೊತೆಯ ತಂತ್ರಾಂಶ ಎಲ್‌ಎಸ್-ಪ್ರಿಪೋಸ್ಟ್‌ನಲ್ಲಿ ತೆರೆದೆ. ಎಫ್‌ಎಲ್‌ಡಿ (ಹಾಳೆ ಹರಿಯದೆ ಎಷ್ಟು ಹಿಗ್ಗಬಹುದೆಂಬ ಮಿತಿಯ ಗೆರೆ ತೋರಿಸುವ ನಕ್ಷೆ) ಒತ್ತಿದರೆ ತುಂಡು ಪೂರ್ತಿ ಹಸಿರು, ಅಂದರೆ ಸುರಕ್ಷಿತ. ಧೈರ್ಯದಿಂದ ಪ್ರೆಸ್‌ಗೆ ಹಾಕಿದೆ. ಮೂರನೇ ತುಂಡಿಗೇ ಪಂಚ್ ಮೂಲೆಯ ಮೇಲೆ, ಹೆಬ್ಬೆರಳಿನಷ್ಟು ಅಗಲಕ್ಕೆ ಹರಿಯಿತು. ಹರಿಯದ ತುಂಡಿನಲ್ಲೂ ಅದೇ ಜಾಗವನ್ನು ಉಗುರಿನಿಂದ ಸವರಿದರೆ ಸಣ್ಣ ತಗ್ಗು ಸಿಗುತ್ತದೆ. ಕತ್ತರಿಸಿ ಮೊನೆ ಮೈಕ್ರೋಮೀಟರ್‌ನಿಂದ ಅಳೆದೆ: 0.61.

ಪರದೆಯಲ್ಲಿ ಆ ಜಾಗದ ದಪ್ಪ ಎಷ್ಟೆಂದು ನೋಡೋಣವೆಂದರೆ ಡೈ ಅಡ್ಡ ಬರುತ್ತದೆ. ಬಲಗಡೆಯ ಪುಟ್ಟ ಚಿತ್ರಗಳಲ್ಲಿ ಯಾವುದು ಏನೆಂದು ತಿಳಿಯುವುದಿಲ್ಲ. ದಾರಿ ತೋರಿಸಿ.

ಶೀಟ್‌ಮೆಟಲ್_ಪುಣೆ ಉತ್ತರ:

ಸರ್, ಮೊದಲು ಪರದೆಯನ್ನು ಹದಕ್ಕೆ ತಂದುಕೊಳ್ಳಿ. ವ್ಯೂ ಮೆನುವಿನಲ್ಲಿ ಟೂಲ್‌ಬಾರ್ ಎಂದಿದೆ, ಅಲ್ಲಿ ಚಿತ್ರದ ಜೊತೆಗೆ ಅಕ್ಷರವನ್ನೂ ತೋರಿಸುವ ಆಯ್ಕೆ ಸಿಗುತ್ತದೆ. ಹಳೆಯ ಪಾಠಗಳಲ್ಲಿ ಗುಂಡಿಗಳು ಬೇರೆಯಾಗಿ ಕಂಡರೆ ಗಾಬರಿಯಾಗಬೇಡಿ: ಎಫ್11 ಒತ್ತಿದರೆ ಹಳೆಯ ರೂಪ, ಮತ್ತೆ ಒತ್ತಿದರೆ ಹೊಸದು. ಶಿಫ್ಟ್ ಹಿಡಿದು ಮೌಸ್‌ನ ಎಡಗುಂಡಿ ಒತ್ತಿದರೆ ಮಾದರಿ ತಿರುಗುತ್ತದೆ, ನಡುಗುಂಡಿಗೆ ಸರಿಯುತ್ತದೆ, ಬಲಗುಂಡಿಗೆ ಹತ್ತಿರ ದೂರವಾಗುತ್ತದೆ.

ಡೈ ಮತ್ತು ಪಂಚ್ ಅಡ್ಡ ಬರುವುದಕ್ಕೆ ಮದ್ದು ಸೆಲ್‌ಪಾರ್. ಪಾರ್ಟ್‌ಗಳ ಪಟ್ಟಿ ತೆರೆಯುತ್ತದೆ, ಬ್ಲ್ಯಾಂಕ್ (ಒತ್ತುವ ಹಾಳೆ) ಒಂದನ್ನೇ ಆರಿಸಿ. ನಂತರ ಕೊನೆಯ ಸ್ಥಿತಿಗೆ ಹೋಗಿ ಫ್ರಿಂಜ್ ಕಾಂಪೊನೆಂಟ್ (ಯಾವ ಅಂಕಿಗೆ ಬಣ್ಣ ಹಚ್ಚಬೇಕೆಂದು ಆರಿಸುವ ಗುಂಡಿ), ಮಿಸ್ಕ್, ಅದರಲ್ಲಿ ದಪ್ಪ ಇಳಿಕೆಯ ಶೇಕಡಾವಾರು. ಒಂದು ಮಾತು ನೆನಪಿರಲಿ: ಇಲ್ಲಿ ಕೆಂಪು ಎಂದರೆ ಅಪಾಯವಲ್ಲ. ಬಣ್ಣದ ಪಟ್ಟಿಯನ್ನು ಹಾಗೇ ಬಿಟ್ಟರೆ ಆ ಕ್ಷಣದ ಅತಿ ದೊಡ್ಡ ಅಂಕಿಗೆ ಕೆಂಪು ಬೀಳುತ್ತದೆ, ಅದು ಶೇಕಡಾ 5 ಆದರೂ ಸರಿ. ರೇಂಜ್‌ನಲ್ಲಿ ಮಿತಿಯನ್ನು ನೀವೇ ಕಟ್ಟಿ.

ಪೀಣ್ಯ_ಟೂಲ್‌ರೂಮ್:

ಮೇಡಂ, ಸೆಲ್‌ಪಾರ್ ಸಿಕ್ಕ ಕೂಡಲೇ ಕಣ್ಣಿನ ಪೊರೆ ಸರಿದಂತಾಯಿತು. ಬ್ಲ್ಯಾಂಕ್ ಮಾತ್ರ ಉಳಿಸಿ ನೋಡಿದೆ. ಹರಿದ ಜಾಗದಲ್ಲೇ ದಪ್ಪ ಇಳಿಕೆ ಶೇಕಡಾ 23 ಎಂದು ತೋರಿಸುತ್ತಿದೆ. ನನ್ನ 0.61 ಅಂದರೆ ಶೇಕಡಾ 24ರ ಹತ್ತಿರ. ಲೆಕ್ಕ ಸರಿಯಾಗಿದೆ! ಹಾಗಿದ್ದರೆ ಎಫ್‌ಎಲ್‌ಡಿ ಹಸಿರು ಹೇಗೆ ತೋರಿಸಿತು?

ಬೈಂಡರ್_ಬೀಡ್ ಉತ್ತರ:

ಎಫ್‌ಎಲ್‌ಡಿ ಕಿಟಕಿಯಲ್ಲಿ ಎನ್, ಟಿ ಎಂಬ ಎರಡು ಚೌಕಗಳಿವೆ: ಎನ್ ಎಂದರೆ ಎಳೆದಂತೆ ಹಾಳೆ ಗಟ್ಟಿಯಾಗುವ ಗುಣದ ಅಂಕಿ, ಟಿ ಎಂದರೆ ದಪ್ಪ. ಅವುಗಳಲ್ಲಿ ಏನಿದೆ, ತಿಳಿಸಿ. ಬಣ್ಣ ಬರುವುದು ಲೆಕ್ಕದಿಂದ ಮಾತ್ರವಲ್ಲ, ಆ ಎರಡು ಅಂಕಿಗಳಿಂದ ಎಳೆದ ಗೆರೆಯಿಂದಲೂ. ಗೆರೆ ಮೇಲಕ್ಕೆ ಹೋದರೆ ಹರಿಯುವ ತುಂಡೂ ಹಸಿರಾಗಿ ಕಾಣುತ್ತದೆ.

ಉಕ್ಕಿಗೆ ಈ ಗೆರೆಯ ಕೀಲರ್ ಸೂತ್ರ ಹಾಕಿ ನೋಡಿ: 23.3ಕ್ಕೆ ದಪ್ಪದ (ಮಿ.ಮೀ.ಯಲ್ಲಿ) 14.13 ಪಟ್ಟನ್ನು ಸೇರಿಸಿ, ಎನ್‌ನಿಂದ ಗುಣಿಸಿ, 0.21ರಿಂದ ಭಾಗಿಸಿ. ಗೆರೆಯ ಅತಿ ತಗ್ಗಿನ ಬಿಂದು ಶೇಕಡಾವಾರಿನಲ್ಲಿ ಸಿಗುತ್ತದೆ. 0.8 ಮಿ.ಮೀ., ಎನ್ 0.21 ಆದರೆ ಸುಮಾರು 35. ಎನ್ 0.17 ಆದರೆ 28ಕ್ಕೆ ಇಳಿಯುತ್ತದೆ. ಅದೇ ಹಾಳೆ, ಅದೇ ಡೈ!

ಇಡಿಡಿ ಎಂಬ ಹೆಸರನ್ನು ನಂಬಿ ಎನ್ ಬರೆಯಬೇಡಿ. ಕಾಯಿಲ್‌ನಿಂದ ಉರುಳಿಸಿದ ದಿಕ್ಕಿಗೆ ನೇರವಾಗಿ, 45 ಡಿಗ್ರಿಗೆ, ಅಡ್ಡವಾಗಿ ಮೂರು ತುಂಡು ಕತ್ತರಿಸಿ ಎಳೆತ ಪರೀಕ್ಷೆಗೆ ಕೊಡಿ. ಗೆರೆ ಟ್ರೂ ಸ್ಟ್ರೇನ್‌ನಲ್ಲಿದೆಯೋ ಎಂಜಿನಿಯರಿಂಗ್ ಸ್ಟ್ರೇನ್‌ನಲ್ಲಿದೆಯೋ (ಹಿಗ್ಗುವಿಕೆಯನ್ನು ಅಳೆಯುವ ಎರಡು ಬಗೆ) ಎಂಬುದನ್ನೂ ಅಲ್ಲೇ ಗಮನಿಸಿ.

ಪೀಣ್ಯ_ಟೂಲ್‌ರೂಮ್:

ಟಿ ಚೌಕದಲ್ಲಿ 1.2 ಇದೆ. ಬೆಳಗ್ಗೆ ಅಭ್ಯಾಸಕ್ಕೆಂದು 1.2 ಮಿ.ಮೀ.ಯ ಬ್ರಾಕೆಟ್ ತೆರೆದಿದ್ದೆ. ತಂತ್ರಾಂಶ ಮುಚ್ಚದೆ ಅದರ ಮೇಲೇ ಮೋಟಾರ್ ಕವರ್ ತೆರೆದೆ. ಅಂಕಿ ನನ್ನದೇ, ತಪ್ಪೂ ನನ್ನದೇ. ಗೆರೆ 40ರಲ್ಲಿ ಕುಳಿತಿತ್ತು.

0.8 ಹಾಕಿದೆ: ಮೂಲೆ ಹಳದಿಯಾಯಿತು. ಕಾಯಿಲ್‌ನ ವರದಿ ಕಪಾಟಿನಲ್ಲೇ ಇತ್ತು, ಎನ್ 0.17 ಎಂದಿದೆ. ಅದನ್ನೂ ಹಾಕಿದೆ. ಪಂಚ್ ಮೂಲೆಯ ಮೇಲೆ ಹೆಬ್ಬೆರಳಿನಷ್ಟು ಅಗಲದ ಕೆಂಪು. ಹರಿದ ತುಂಡನ್ನು ಪರದೆಯ ಪಕ್ಕಕ್ಕೆ ಹಿಡಿದು ನೋಡಿದೆ, ಜಾಗ ತಪ್ಪಿಲ್ಲ.

ಶೀಟ್‌ಮೆಟಲ್_ಪುಣೆ:

ಬಹಳ ಸಂತೋಷ ಸರ್. ಇನ್ನು ಡೈ ಮುಟ್ಟುವ ಮೊದಲು ಬೈಂಡರ್ (ಹಾಳೆಯ ಅಂಚನ್ನು ಒತ್ತಿ ಹಿಡಿಯುವ ಭಾಗ) ಒತ್ತಡವನ್ನು ಸ್ವಲ್ಪ ಇಳಿಸಿ, ಪಂಚ್ ಮೂಲೆಯ ರೇಡಿಯಸ್ ಹೆಚ್ಚಿಸಿ, ಎರಡನ್ನೂ ಬೇರೆ ಬೇರೆಯಾಗಿ ಲೆಕ್ಕ ಹಾಕಿಸಿ. ಒತ್ತಡ ಇಳಿದಾಗ ಎಫ್‌ಎಲ್‌ಡಿಯಲ್ಲಿ ಫ್ಲ್ಯಾಂಜ್ (ಹಾಳೆಯ ಚಪ್ಪಟೆ ಅಂಚು) ನೀಲಿ, ನೇರಳೆಗೆ ತಿರುಗಿದರೆ ಅದು ಸುಕ್ಕಿನ ಸೂಚನೆ.

ಪೀಣ್ಯ_ಟೂಲ್‌ರೂಮ್:

ರೇಡಿಯಸ್ 6ರಿಂದ 8ಕ್ಕೆ ಏರಿಸಲು ಗ್ರಾಹಕರು ಒಪ್ಪಿದ್ದಾರೆ. ಸೋಮವಾರ ಹೊಸ ಕಡತ ಬರುತ್ತದೆ. ತೆರೆದ ಕೂಡಲೇ ಟಿ, ಎನ್ ನೋಡಿಕೊಂಡು ಚಿತ್ರ ಹಾಕುತ್ತೇನೆ.