‘ಕ್ಯೂರಿಂಗ್’ ಎಂದರೆ ನೀರು ಹಾಕುವುದೆ? ಎಪಾಕ್ಸಿಗೊಂದು ಕ್ರಿಯಾಪದ ಬೇಕಾಗಿದೆ

ಮಾನ್ಯರೆ,

ತುಮಕೂರಿನ ಬಳಿಯ ವಸಂತನರಸಾಪುರದಲ್ಲಿ ಕಾರ್ಖಾನೆಗಳ ನೆಲಕ್ಕೆ ಎಪಾಕ್ಸಿ (ರಾಳ, ಹಾರ್ಡನರ್ ಎಂಬ ಎರಡು ದ್ರವ ಬೆರೆಸಿದಾಗ ಗಟ್ಟಿಯಾಗುವ ಲೇಪ) ಬಳಿಯುವ ಕೆಲಸಗಾರರಿಗಾಗಿ ಕನ್ನಡದಲ್ಲಿ ಸೂಚನಾಪತ್ರವೊಂದನ್ನು ಬರೆಯುತ್ತಿದ್ದು, ‘ಕ್ಯೂರಿಂಗ್’ ಎಂಬ ಪದದ ಬಳಿ ಸಿಕ್ಕಿಕೊಂಡಿದ್ದೇನೆ. ನಮ್ಮ ಕಡೆಯ ಗಾರೆ ಕೆಲಸದವರಿಗೆ ಅದು ಹೊಸ ಪದವಲ್ಲ. ‘ಮೋಲ್ಡ್‌ಗೆ ಕ್ಯೂರಿಂಗ್ ಆಗಬೇಕು’ ಎಂದರೆ ತಾರಸಿಯ ಮೇಲೆ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸಬೇಕೆಂದೇ ಅರ್ಥ. ನನ್ನ ಮೊದಲ ಕರಡಿನಲ್ಲಿ ‘ಒಂದು ದಿನ ಕ್ಯೂರಿಂಗ್ ಆಗಲಿ’ ಎಂದಿದ್ದುದನ್ನು ಓದಿದ ಹುಡುಗನೊಬ್ಬ, ಬಳಿದ ಸಂಜೆಯೇ ನೆಲಕ್ಕೆ ಪೈಪಿನಿಂದ ನೀರು ಬಿಟ್ಟ. ಬೆಳಗ್ಗೆ ನೋಡಿದರೆ ಮಜ್ಜಿಗೆ ಚೆಲ್ಲಿ ಆರಿದಂತೆ ಬಿಳಿಯ ಜಿಗುಟು ಪೊರೆ. ಹಾರ್ಡನರಿನಲ್ಲಿದ್ದು ರಾಳವನ್ನು ಗಟ್ಟಿಯಾಗಿಸುವ ರಾಸಾಯನಿಕವೇ ಅಮೀನು; ಇನ್ನೂ ರಾಳದೊಡನೆ ಕೂಡಿಕೊಳ್ಳದೆ ಉಳಿದ ಅಮೀನು ತೇವ ಮತ್ತು ಗಾಳಿಯ ಇಂಗಾಲದ ಡೈಆಕ್ಸೈಡಿನೊಡನೆ ಸೇರಿ ಕಾರ್ಬಮೇಟ್ ಎಂಬ ಬೇರೆಯೇ ವಸ್ತುವಾಗಿತ್ತು. ತಪ್ಪು ಹುಡುಗನದಲ್ಲ, ನನ್ನ ಪದದ್ದು.

‘ಒಣಗುವುದು’ ಎನ್ನೋಣವೆಂದರೆ, ಇಲ್ಲಿ ಏನೂ ಆವಿಯಾಗಿ ಹೋಗಬೇಕಿಲ್ಲ. ಅಮೀನಿನ ನೈಟ್ರೋಜನ್ನಿಗೆ ಅಂಟಿದ ಒಂದೊಂದು ಹೈಡ್ರೋಜನ್ನಿಗೂ ರಾಳದ ಅಣುವಿನಲ್ಲಿರುವ ಒಂದೊಂದು ಎಪಾಕ್ಸಿ ಉಂಗುರ ಬಿಚ್ಚಿಕೊಂಡು, ಎರಡೂ ಶಾಶ್ವತವಾಗಿ ಹೆಣೆದುಕೊಳ್ಳುತ್ತವೆ. ‘ಹೆಪ್ಪುಗಟ್ಟು’ ಎಂಬುದು ನನಗೆ ಬಹಳ ಹಿಡಿಸಿತ್ತು. ಆದರೆ ಒಂದು ಚಮಚ ಹೆಪ್ಪು ಲೋಟ ಹಾಲಿಗೂ ಸಾಕು, ಪಾತ್ರೆ ಹಾಲಿಗೂ ಸಾಕು. ಅಮೀನಿನ ವಿಷಯದಲ್ಲಿ ಆ ಧಾರಾಳ ನಡೆಯದು. ಬೇರೇನೂ ಬೆರೆಸದ ಐಸೊಫೊರೋನ್ ಡೈಅಮೀನ್ ಎಂಬ ಅಮೀನಾದರೆ, ಸಾಮಾನ್ಯ ದ್ರವ ಎಪಾಕ್ಸಿ ರಾಳ 100 ಗ್ರಾಮಿಗೆ ಸುಮಾರು 22 ಗ್ರಾಂ ತೂಗಿಯೇ ಹಾಕಬೇಕು. ‘ಗಟ್ಟಿಯಾಗು’ ಎನ್ನಬಹುದು, ಆದರೆ ಅರಗೂ ಆರಿದರೆ ಗಟ್ಟಿಯಾಗುತ್ತದೆ, ಕಾಯಿಸಿದರೆ ಮತ್ತೆ ಕರಗುತ್ತದೆ, ಎಪಾಕ್ಸಿ ಕರಗುವುದಿಲ್ಲ.

ಇಂಥ ಅಮೀನಿನ ಜಾತಿಯ ಹೆಸರಾದ ‘ಸೈಕ್ಲೊಅಲಿಫ್ಯಾಟಿಕ್’ (ಇಂಗಾಲದ ಉಂಗುರವುಳ್ಳ, ಆದರೆ ಅದು ಬೆಂಜೀನ್ ಉಂಗುರವಲ್ಲದ) ಎಂಬುದನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ‘ಅಲಿಫ್ಯಾಟಿಕ್’ನ ಗ್ರೀಕ್ ಮೂಲದಲ್ಲಿರುವುದು ಎಣ್ಣೆ, ಕೊಬ್ಬು, ಅದನ್ನು ಅನುವಾದಿಸಿದರೆ ನಗೆಪಾಟಲು. ‘ಉಂಗುರದ ಅಮೀನು’ ಎಂದರೆ ಬೆಂಜೀನ್ ಉಂಗುರವಿರುವ ಆರೋಮ್ಯಾಟಿಕ್ ಅಮೀನುಗಳೂ ಅದರೊಳಗೆ ಬಂದುಬಿಡುತ್ತವೆ, ಅವುಗಳಿಗಿಂತ ಬಿಸಿಲಿಗೆ ಕಡಿಮೆ ಹಳದಿಯಾಗುತ್ತದೆ ಎಂಬುದೇ ಇದನ್ನು ಆರಿಸಲು ಒಂದು ಕಾರಣವಾಗಿರುವಾಗ. ಡಬ್ಬದಲ್ಲಿರುವ ವಸ್ತುವನ್ನು ಎಲ್ಲರೂ ‘ಹಾರ್ಡನರ್’ ಎನ್ನುತ್ತಾರೆ, ಅದೂ ಇರಲಿ.

ಉಳಿದಿರುವುದು ಕ್ರಿಯಾಪದ. ಎರಡು ವಸ್ತು ಕೂಡಿ ಗಟ್ಟಿಯಾಗುವುದೆಂಬ ಅರ್ಥದಲ್ಲಿ ‘ಕೂಡುಗಟ್ಟು’ ಎಂದು ಹೊಸೆದೆ. ಶಿಡ್ಲಘಟ್ಟದ ಗೆಳೆಯರೊಬ್ಬರು ಫೋನಿನಲ್ಲಿ ಅದನ್ನು ‘ಗೂಡು ಕಟ್ಟು’ ಎಂದು ಕೇಳಿಸಿಕೊಂಡು, ‘ರೇಷ್ಮೆ ಹುಳುವಿಗೂ ಎಪಾಕ್ಸಿಗೂ ಏನು ಸಂಬಂಧ’ ಎಂದರು. ರೇಷ್ಮೆ ಸೀಮೆಯಲ್ಲಿ ಈ ಪದ ನಿಲ್ಲುವುದು ಕಷ್ಟವೆಂದು ಈಗ ನನಗೂ ಅನಿಸುತ್ತಿದೆ. ಸದ್ಯಕ್ಕೆ ‘ಸೆಟ್ ಆಗುವವರೆಗೆ ನೀರು ಸೋಕಿಸಬಾರದು’ ಎಂದು ಬರೆದಿದ್ದೇನೆ. ಮರಗೆಲಸ, ಅರಗಿನ ಕೆಲಸ ಅಥವಾ ಅಂಟಿನ ಕೆಲಸದಲ್ಲಿ ಇದಕ್ಕೆ ಒಗ್ಗುವ ಕ್ರಿಯಾಪದವನ್ನು ಯಾರಾದರೂ ಕೇಳಿದ್ದೀರಾ?