ಚಿಂಚೋಳಿ ಕಾಡಿಗೆ ಮಕ್ಕಳನ್ನು ಕರೆದುಕೊಂಡು ಹೋದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ್ರೀ. ನಾವು ಕಲಬುರಗಿಯವರು. ದಸರಾ ರಜೆಯಲ್ಲಿ ಮಕ್ಕಳ ಜೊತೆ ಚಿಂಚೋಳಿ ವನ್ಯಜೀವಿ ಧಾಮಕ್ಕೆ ಹೋಗುವ ಯೋಚನೆ ಇದೆ. ಮಗಳಿಗೆ ಒಂಬತ್ತು ವರ್ಷ, ಮಗನಿಗೆ ಐದು. ಅತ್ತೆಯೂ ಬರ್ತಾರೆ, ಅವರಿಗೆ ಮೊಣಕಾಲು ನೋವು.

ಚಂದ್ರಂಪಳ್ಳಿ ಡ್ಯಾಂ, ಗೊಟ್ಟಂಗೊಟ್ಟ, ಎತ್ತಿಪೋತ ಜಲಪಾತ ಇಷ್ಟನ್ನೂ ಒಂದೇ ದಿನ ನೋಡೋಕೆ ಆಗುತ್ತಾ? ಬೆಳಿಗ್ಗೆ ಆರಕ್ಕೇ ಕಾರಲ್ಲಿ ಹೊರಡ್ತೀವಿ. ನನಗೆ ಜಾಸ್ತಿ ಚಿಂತೆ ಜಲಪಾತದ್ದೇ. ಮಳೆ ನಿಂತ ಮೇಲೂ ನೀರು ಇರುತ್ತಾ? ಕಲ್ಲು ಪಾಚಿ ಕಟ್ಟಿ ಜಾರುತ್ತೆ ಅಂತ ಪಕ್ಕದ ಮನೆಯವರು ಹೆದರಿಸಿದ್ದಾರೆ. ನಮ್ಮ ಸಣ್ಣವನೋ ಕೈ ಹಿಡಿದರೆ ನಿಲ್ಲುವವನಲ್ಲ, ಓತಿಕ್ಯಾತ ಕಂಡರೂ ಹಿಂದೆ ಓಡ್ತಾನೆ. ಅತ್ತೆ ಎಲ್ಲಿಯವರೆಗೆ ನಡೆಯಬಹುದು, ಅದನ್ನೂ ಹೇಳಿ.

ಇನ್ನು ಮಗಳದ್ದು ಬೇರೆ ಕಥೆ. 2011ರಲ್ಲಿ ಧಾಮ ಆಯ್ತು, ಸುಮಾರು 135 ಚದರ ಕಿಲೋಮೀಟರ್ ಇದೆ, ತೋಳ, ಕತ್ತೆಕಿರುಬ, ಕೃಷ್ಣಮೃಗ ಎಲ್ಲ ಇವೆ ಅಂತ ಓದಿಕೊಂಡು ಕೂತಿದ್ದಾಳೆ. ಅವು ಹಗಲು ಹೊತ್ತಲ್ಲಿ ನಮ್ಮೆದುರು ಬಂದು ನಿಲ್ಲೋದಿಲ್ಲಮ್ಮಾ ಅಂತ ಹೇಳಿ ಸಾಕಾಗಿದೆ. ಹಕ್ಕಿ, ಚಿಟ್ಟೆ, ಶ್ರೀಗಂಧ, ರಕ್ತಚಂದನ ಗುರುತಿಸಿ ತೋರಿಸುವವರು ಅಲ್ಲಿ ಯಾರಾದರೂ ಸಿಗ್ತಾರಾ? ಸುಮ್ನೆ ಅಡ್ಡಾಡಿ ಬಂದರೆ ಮಕ್ಕಳಿಗೆ ಕಾಡು ಎಲ್ಲಾ ಒಂದೇ ಥರ ಕಾಣುತ್ತೆ, ಅಲ್ವಾ?

ಅರಣ್ಯ ಇಲಾಖೆಯ ಪರ್ಮಿಷನ್ ಮೊದಲೇ ಬೇಕಾ, ಗೇಟಲ್ಲೇ ಆಗುತ್ತಾ? ಹೆಣ್ಮಕ್ಕಳಿಗೆ ಟಾಯ್ಲೆಟ್ ಇದೆಯಾ? ಊಟಕ್ಕೆ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಕಟ್ಟಿಕೊಂಡೇ ಹೋಗ್ತೀವಿ. ಮಂಗಗಳ ಕಾಟ ಇದ್ದರೆ ಬುತ್ತಿ ಕಾರಲ್ಲೇ ಬಿಚ್ತೀವಿ.

ಬೈಕಲ್ಲಿ ಹೋದ ಹುಡುಗರ ರೀಲ್ಸ್ ಕಳಿಸಬೇಡ್ರಿ, ಅವನ್ನೆಲ್ಲ ನೋಡಿ ಆಗಿದೆ. ಮಕ್ಕಳು, ವಯಸ್ಸಾದವರ ಜೊತೆ ಹೋದವರು ಹೇಳಿದರೆ ಉಪಕಾರ ಆಗುತ್ತೆ.