ಅಪ್‌ಡೇಟ್: ನಾಯ್ಸ್ ತೆಗೆದ ಮೇಲೆ ಯಾವ ಶಾರ್ಪನಿಂಗ್?

ಹಳೆಯ ಮಿನಿಡಿವಿ ಟೇಪಿನ ಯಕ್ಷಗಾನ ವಿಡಿಯೋ ನಾಯ್ಸ್ (ಚಿತ್ರದಲ್ಲಿ ಮಿನುಗುವ ಚುಕ್ಕೆಗಳು) ತೆಗೆದ ಮೇಲೆ ಮಂಕಾಗುತ್ತದೆ, ಯಾವ ಶಾರ್ಪನಿಂಗ್ (ಅಂಚು, ವಿವರ ಸ್ಪಷ್ಟಗೊಳಿಸುವ ಫಿಲ್ಟರ್) ಹಾಕಲಿ ಅಂತ ಇಲ್ಲಿ ಕೇಳಿದ್ದೆ. ನೀವು ಹೇಳಿದ ಮೂರು ಶಾರ್ಪನಿಂಗ್ ಫಿಲ್ಟರ್‌ಗಳನ್ನೂ ಒಂದೇ ದೃಶ್ಯದ ಮೇಲೆ ಹಾಕಿ ನೋಡಿದೆ. ಪ್ರತಿ ಸಲವೂ ಮೊದಲು ಡಿಇಂಟರ್‌ಲೇಸ್ (ಸಾಲು ಬಿಟ್ಟು ಸಾಲು ದಾಖಲಾದ ಚಿತ್ರವನ್ನು ಪೂರ್ಣ ಫ್ರೇಮ್ ಮಾಡುವುದು), ಆಮೇಲೆ ನಾಯ್ಸ್ ತೆಗೆಯುವ ಫಿಲ್ಟರ್ ಎಚ್‌ಕ್ಯೂಡಿಎನ್‌3ಡಿ, ಕೊನೆಗೆ ಶಾರ್ಪನಿಂಗ್.

ಎಫ್‌ಎಫ್‌ಎಂಪೆಗ್ ಎಂಬ ವಿಡಿಯೋ ತಂತ್ರಾಂಶದ ಅನ್‌ಶಾರ್ಪ್ ಫಿಲ್ಟರ್ (5×5 ಪಿಕ್ಸೆಲ್ ಅಳತೆ, ತೀವ್ರತೆ 1.0) ಮೊದಲ ನೋಟಕ್ಕೆ ಭರ್ಜರಿಯಾಗಿದೆ. ಆದರೆ ಫ್ರೇಮ್ ನಿಲ್ಲಿಸಿ ಹಿಗ್ಗಿಸಿದರೆ ಕಿರೀಟದ ಅಂಚಿನ ಸುತ್ತ ಬಿಳಿ ಗೆರೆ ಕಾಣುತ್ತದೆ. 0.5ಕ್ಕೆ ಇಳಿಸಿದರೆ ಗೆರೆ ಹೋಗುತ್ತದೆ, ಜೊತೆಗೆ ಮುಖವರ್ಣಿಕೆಯ ಸೂಕ್ಷ್ಮ ಗೀಟುಗಳೂ ಮಂಕಾಗುತ್ತವೆ.

ಸಿಎಎಸ್ (ಕಾಂಟ್ರಾಸ್ಟ್‌ಗೆ ತಕ್ಕಂತೆ ಶಾರ್ಪ್ ಮಾಡುವ ಫಿಲ್ಟರ್) ತೀವ್ರತೆ 0.4ರಲ್ಲಿ ಚೆನ್ನಾಗಿದೆ. ಕಾಂಟ್ರಾಸ್ಟ್ ಮೊದಲೇ ಜಾಸ್ತಿ ಇರುವ ಅಂಚನ್ನು ಅದು ಹಗುರವಾಗಿ ಮುಟ್ಟುತ್ತದೆ. ಆದರೆ ಹಿಂದಿನ ಕಪ್ಪು ಪರದೆಯಲ್ಲಿ ಉಳಿದಿದ್ದ ನಾಯ್ಸ್ ಮತ್ತೆ ಎದ್ದಿತು.

ನನಗೆ ಹಿಡಿಸಿದ್ದು ಅವಿಸಿಂತ್ ಎಂಬ ಸ್ಕ್ರಿಪ್ಟ್ ಆಧಾರಿತ ವಿಡಿಯೋ ತಂತ್ರಾಂಶದ ಲಿಮಿಟೆಡ್‌ಶಾರ್ಪನ್‌ಫಾಸ್ಟರ್. ಪಕ್ಕದ ಪಿಕ್ಸೆಲ್‌ಗಳ ಮಿತಿಯನ್ನು ದಾಟಿ ಹೆಚ್ಚು ಬೆಳ್ಳಗಾಗಲು, ಕಪ್ಪಾಗಲು ಅದು ಬಿಡುವುದಿಲ್ಲ. ಹಾಗಾಗಿ ಗೆರೆ ಎದ್ದು ಕಾಣುವುದಿಲ್ಲ. ನಿಧಾನ ನಿಜ, ಆದರೆ ಕಾಯಬಹುದು.

ಇನ್ನೊಂದು ಮಾತು: ಎಚ್‌ಕ್ಯೂಡಿಎನ್‌3ಡಿಯ ಲೂಮಾ (ಬೆಳಕಿನ ಮಟ್ಟದ ನಾಯ್ಸ್ ತೆಗೆಯುವ) ತೀವ್ರತೆಯನ್ನು 4ರಿಂದ 2ಕ್ಕೆ ಇಳಿಸಿದ್ದೇ ಅರ್ಧ ಕೆಲಸ ಮಾಡಿತು. ವಿವರ ಉಳಿದರೆ ಶಾರ್ಪನಿಂಗ್ ಸ್ವಲ್ಪವೇ ಸಾಕು, ಅಲ್ವಾ? ಸಲಹೆ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ಪೂರ್ತಿ ಟೇಪನ್ನು ಇದೇ ಸೆಟ್ಟಿಂಗ್‌ನಲ್ಲಿ ರೆಂಡರ್‌ಗೆ ಹಾಕಿದ್ದೇನೆ.